ಸಿಂಗಲ್ ಎಂಟ್ರಿ ಷೆಂಗೆನ್ ವೀಸಾ ಇದ್ದರೆ ಮೆಡಿಟರೇನಿಯನ್ ಕ್ರೂಸ್‌ಗೆ ಸಾಕೇ?

ಬೇಸಿಗೆ ರಜೆಗೆ ಯುರೋಪ್ ಕ್ರೂಸ್ ಹೋಗೋಣ ಎಂಬ ಮಾತು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಆಫೀಸ್ ಗ್ರೂಪ್‌ಗಳಲ್ಲಿ ಬಂದರೆ, 'ಷೆಂಗೆನ್ ವೀಸಾ ಒಂದಿದ್ದರೆ ಸಾಕು, ಹಡಗು ಎಲ್ಲಿ ನಿಂತರೂ ಚಿಂತೆಯಿಲ್ಲ' ಎನ್ನುವವರು ಇರುತ್ತಾರೆ. ಇದು ಅರ್ಧಸತ್ಯ.

ನಿಜವೇನು?

ಸ್ಪೇನ್, ಫ್ರಾನ್ಸ್, ಇಟಲಿ, ಗ್ರೀಸ್ ಷೆಂಗೆನ್ ವಲಯದಲ್ಲಿವೆ. ಕ್ರೊಯೇಷಿಯಾ 2023ರ ಜನವರಿ 1ರಂದು ಸೇರಿತು. ಆದರೆ ಟರ್ಕಿಯ ಕುಶಾದಸಿ, ಮಾಂಟೆನೆಗ್ರೊದ ಕೋಟರ್ ಬಂದರುಗಳು ವಲಯದ ಹೊರಗಿವೆ. ಅಥೆನ್ಸ್ ಬಳಿಯ ಪಿರೇಯಸ್‌ನಿಂದ ಹೊರಟ ಹಡಗು ಕುಶಾದಸಿ ಮುಟ್ಟಿ ಮತ್ತೆ ಗ್ರೀಸ್‌ಗೆ ಬಂದರೆ, ಅದು ನಿಮ್ಮ ಎರಡನೇ ಪ್ರವೇಶ. ಸಿಂಗಲ್ ಎಂಟ್ರಿ ವೀಸಾ ಆಗಲೇ ಮುಗಿದಿರುತ್ತದೆ. ಹೀಗಾಗಿ ಮೊದಲ ದಿನವೇ ಹಡಗು ಹತ್ತಿಸದೆ ಇರಬಹುದು. ದಾಖಲೆ ಸರಿಯಿಲ್ಲವೆಂದರೆ ಸಾಮಾನ್ಯವಾಗಿ ಹಣವೂ ವಾಪಸ್ ಬರುವುದಿಲ್ಲ.

ಬುಕ್ ಮಾಡುವ ಮುನ್ನ

• ಬೆಲೆಗಿಂತ ಮೊದಲು ಬಂದರುಗಳ ಪಟ್ಟಿ ನೋಡಿ. ಹೊರಗಿನ ದೇಶವಿದ್ದರೆ ಮಲ್ಟಿಪಲ್ ಎಂಟ್ರಿ ವೀಸಾ ಕೇಳಿ. ಆ ದೇಶದ ವೀಸಾ ನಿಯಮವನ್ನೂ ವಿಚಾರಿಸಿ.
• ಹೆಚ್ಚು ದಿನ ಇರುವ ದೇಶಕ್ಕೇ ಅರ್ಜಿ ಹಾಕಬೇಕು. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ.
• ಪ್ರಯಾಣಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ. ಬೇಸಿಗೆಯಲ್ಲಿ ಸ್ಲಾಟ್ ಸಿಗುವುದು ಕಷ್ಟ, ಬೇಗ ಹಾಕಿ.
• ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ.

ವೀಸಾ ಕೈಗೆ ಬಂದ ಕೂಡಲೇ ಎಷ್ಟು ಪ್ರವೇಶ ಎಂದು ಬರೆದಿದೆ ನೋಡಿ. ಸಂದೇಶ ಫಾರ್ವರ್ಡ್ ಮಾಡುವುದು ಆಮೇಲೆ.