ಟೈಲಿಂಗ್ ವಿಂಡೋ ಮ್ಯಾನೇಜರ್

ಟೈಲಿಂಗ್ ವಿಂಡೋ ಮ್ಯಾನೇಜರ್ ಎಂಬುದು ಗಣಕಯಂತ್ರದ ಪರದೆಯ ಮೇಲೆ ತೆರೆದಿರುವ ವಿಂಡೋಗಳನ್ನು ಒಂದನ್ನೊಂದು ಮರೆಮಾಡದಂತೆ, ನೆಲಕ್ಕೆ ಹಾಸಿದ ಟೈಲ್ಸ್‌ಗಳ ಹಾಗೆ ಪಕ್ಕಪಕ್ಕದಲ್ಲಿ ಜೋಡಿಸುವ ತಂತ್ರಾಂಶವಾಗಿದೆ. ಸಾಮಾನ್ಯ ವ್ಯವಸ್ಥೆಗಳಲ್ಲಿ ವಿಂಡೋದ ಸ್ಥಾನ ಮತ್ತು ಗಾತ್ರವನ್ನು ಬಳಕೆದಾರರು ಮೌಸ್‌ನಿಂದ ಎಳೆದು ನಿರ್ಧರಿಸುತ್ತಾರೆ. ಇಲ್ಲಿ ಆ ಕೆಲಸವನ್ನು ಬಹುಮಟ್ಟಿಗೆ ತಂತ್ರಾಂಶವೇ ನಿರ್ವಹಿಸುತ್ತದೆ.

ಕಾರ್ಯವಿಧಾನ

ಮೊದಲು ತೆರೆದ ವಿಂಡೋ ಇಡೀ ಪರದೆಯನ್ನು ಆವರಿಸುತ್ತದೆ. ಎರಡನೆಯದನ್ನು ತೆರೆದಾಗ ಪರದೆಯು ಎರಡು ಭಾಗವಾಗುತ್ತದೆ. ಒಂದನ್ನು ಮುಚ್ಚಿದರೆ ತೆರವಾದ ಜಾಗವನ್ನು ಉಳಿದದ್ದು ತುಂಬಿಕೊಳ್ಳುತ್ತದೆ. ಜೋಡಣೆಯ ಕ್ರಮದಲ್ಲಿ ಎರಡು ಬಗೆಗಳು ಮುಖ್ಯವಾಗಿವೆ:

• ಸ್ವಯಂಚಾಲಿತ ಕ್ರಮ: ಡಿಡಬ್ಲ್ಯೂಎಂನಲ್ಲಿ ಮುಖ್ಯ ವಿಂಡೋ ಎಡಭಾಗದಲ್ಲಿದ್ದು, ಉಳಿದವು ಬಲಭಾಗದಲ್ಲಿ ಒಂದರ ಕೆಳಗೊಂದು ನಿಲ್ಲುತ್ತವೆ.
• ಬಳಕೆದಾರ ನಿರ್ದೇಶಿತ ಕ್ರಮ: ಐ3ಯಲ್ಲಿ ಮುಂದಿನ ವಿಂಡೋ ಪಕ್ಕಕ್ಕೆ ಬರಬೇಕೇ, ಕೆಳಗೆ ಬರಬೇಕೇ ಎಂಬುದನ್ನು ಬಳಕೆದಾರರು ಸೂಚಿಸುತ್ತಾರೆ.

ವಿಂಡೋಗಳ ನಡುವೆ ಸಂಚರಿಸಲು ಹೆಚ್ಚಾಗಿ ಕೀಲಿಮಣೆಯನ್ನೇ ಬಳಸಲಾಗುತ್ತದೆ. ವಿಂಡೋಗಳ ಸಂಖ್ಯೆ ಹೆಚ್ಚಾದಾಗ ಅವುಗಳನ್ನು ಬೇರೆ ಬೇರೆ ಕಾರ್ಯಕ್ಷೇತ್ರಗಳಿಗೆ ಹಂಚಬಹುದು. ಸಣ್ಣ ಸಂವಾದ ಚೌಕಗಳನ್ನು ಹಿಗ್ಗಿಸಿದರೆ ಉಪಯೋಗವಿಲ್ಲದ ಕಾರಣ, ಅವುಗಳನ್ನು ಉಳಿದವುಗಳ ಮೇಲೆ ತೇಲುವಂತೆ ಬಿಡಲಾಗುತ್ತದೆ.

ಇತಿಹಾಸ

1981ರಲ್ಲಿ ಬಿಡುಗಡೆಯಾದ ಜೆರಾಕ್ಸ್ ಸ್ಟಾರ್ ಗಣಕಯಂತ್ರವು ವಿಂಡೋಗಳನ್ನು ಪಕ್ಕಪಕ್ಕದಲ್ಲಿ ತೋರಿಸುತ್ತಿತ್ತು. 1985ರ ವಿಂಡೋಸ್ 1.0 ಕೂಡ ಇದೇ ಕ್ರಮವನ್ನು ಅನುಸರಿಸಿತು. 1987ರ ವಿಂಡೋಸ್ 2.0ದಲ್ಲಿ ಒಂದರ ಮೇಲೊಂದು ಇರುವ ವಿಂಡೋಗಳು ಬಂದವು. ಮುಂದೆ ಅದೇ ರೂಢಿಯಾಯಿತು.

ಲಿನಕ್ಸ್ ಮುಂತಾದ ವ್ಯವಸ್ಥೆಗಳಲ್ಲಿ ಬಳಕೆಯಲ್ಲಿದ್ದ ಎಕ್ಸ್ ವಿಂಡೋ ವ್ಯವಸ್ಥೆಯು ವಿಂಡೋ ಮ್ಯಾನೇಜರನ್ನು ಪ್ರತ್ಯೇಕ ತಂತ್ರಾಂಶವಾಗಿ ಇರಿಸಿತ್ತು. ಆದ್ದರಿಂದ ಇಡೀ ವ್ಯವಸ್ಥೆಯನ್ನು ಬದಲಿಸದೆ ಅದೊಂದನ್ನೇ ಬದಲಿಸಲು ಸಾಧ್ಯವಾಯಿತು. ಈ ಸ್ವಾತಂತ್ರ್ಯದಿಂದಾಗಿ ಟೈಲಿಂಗ್ ಪದ್ಧತಿ ಅಲ್ಲಿ ಮತ್ತೆ ಬೆಳೆಯಿತು. ಡಿಡಬ್ಲ್ಯೂಎಂ (2006), ಹ್ಯಾಸ್ಕೆಲ್ ಭಾಷೆಯಲ್ಲಿ ರಚಿತವಾದ ಎಕ್ಸ್‌ಮೊನಾಡ್ (2007) ಮತ್ತು ಐ3 (2009) ಇವುಗಳಲ್ಲಿ ಪ್ರಮುಖವಾದವು. ವೇಲ್ಯಾಂಡ್ ಆಧಾರಿತ ಸ್ವೇ ತಂತ್ರಾಂಶವು ಐ3ಯ ಸಂರಚನಾ ಕಡತವನ್ನೇ ಓದಬಲ್ಲದು.

ಅನುಕೂಲಗಳು ಮತ್ತು ಮಿತಿಗಳು

ಕ್ರಮವಿಧಿಯನ್ನು ಬರೆಯುತ್ತ, ಪಕ್ಕದಲ್ಲೇ ಅದರ ಫಲಿತಾಂಶವನ್ನು ನೋಡುವಂತಹ ಕೆಲಸಗಳಿಗೆ ಈ ಪದ್ಧತಿ ಅನುಕೂಲಕರವಾಗಿದೆ. ಆದರೆ ಕೀಲಿಗಳ ಸಂಯೋಜನೆಗಳನ್ನು ನೆನಪಿಡಬೇಕಾಗುತ್ತದೆ. ಡಿಡಬ್ಲ್ಯೂಎಂನ ಸಂರಚನೆಯನ್ನು ಬದಲಿಸಲು ಅದರ ಆಕರ ಸಂಕೇತವನ್ನು ತಿದ್ದಿ ಮತ್ತೆ ಕಂಪೈಲ್ ಮಾಡಬೇಕು. ಕಿರಿದಾದ ಪರದೆಯಲ್ಲಿ ವಿಂಡೋಗಳು ಹೆಚ್ಚಾದರೆ ಪ್ರತಿಯೊಂದೂ ಓದಲಾಗದಷ್ಟು ಕುಗ್ಗುತ್ತದೆ.

ಯಾವ ಪದ್ಧತಿ ಉತ್ತಮ ಎಂಬ ಪ್ರಶ್ನೆ ಹಳೆಯದು. ಸಾರಾ ಬ್ಲೈ ಮತ್ತು ಜ್ಯಾರೆಟ್ ರೋಸೆನ್‌ಬರ್ಗ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಂಡೋಗಳನ್ನು ಹೆಚ್ಚು ಸರಿಸಬೇಕಿಲ್ಲದ ಕೆಲಸಗಳು ಟೈಲಿಂಗ್ ಪದ್ಧತಿಯಲ್ಲಿ ಬೇಗ ಮುಗಿದವು. ಹೆಚ್ಚು ಸರಿಸಬೇಕಾದ ಕೆಲಸಗಳಲ್ಲಿ ಮತ್ತೊಂದು ಪದ್ಧತಿ ವೇಗವಾಗಿತ್ತು, ಆದರೆ ಪಳಗಿದ ಬಳಕೆದಾರರಿಗೆ ಮಾತ್ರ. ಹೀಗಾಗಿ ಆಯ್ಕೆಯು ಮಾಡುವ ಕೆಲಸವನ್ನೂ ಬಳಕೆದಾರರ ಅಭ್ಯಾಸವನ್ನೂ ಅವಲಂಬಿಸಿದೆ.

ಇತರ ವ್ಯವಸ್ಥೆಗಳಲ್ಲಿ

ಎರಡೂ ಪದ್ಧತಿಗಳನ್ನು ಬೆರೆಸುವ ಪ್ರಯತ್ನಗಳೂ ನಡೆದಿವೆ. ವಿಂಡೋಸ್ 7 (2009) ವಿಂಡೋವನ್ನು ಪರದೆಯ ಅಂಚಿಗೆ ಎಳೆದರೆ ಅರ್ಧಭಾಗಕ್ಕೆ ಹೊಂದಿಸುವ ಸೌಲಭ್ಯವನ್ನು ನೀಡಿತು. ವಿಂಡೋಸ್ 11 (2021) ಸಿದ್ಧ ಜೋಡಣೆಗಳನ್ನು ಒದಗಿಸಿತು. ಮ್ಯಾಕ್ಒಎಸ್ ಸಿಕೋಯಾ (2024) ಸಹ ಇಂತಹ ಸೌಲಭ್ಯವನ್ನು ಸೇರಿಸಿಕೊಂಡಿತು.