ಇಬ್ಬರಿಗೊಂದು ಕಡಲತೀರ: ಟೆಕ್ಸಾಸಿನಿಂದ ಎಲ್ಲಿಗೆ ಹೋಗೋಣ?

ನಾವಿಬ್ಬರೂ ಒಂದೇ ವಿಮಾನದಲ್ಲಿ ಅಮೆರಿಕಕ್ಕೆ ಬಂದವರು. ಮದುವೆಯಾಗಿ ಮೂರು ತಿಂಗಳಾಗಿತ್ತು. ಆದರೆ ಅಡ್ಮಿಷನ್ ಸಿಕ್ಕಿದ್ದು ಬೇರೆ ಬೇರೆ ಊರಲ್ಲಿ, ಒಬ್ಬರಿಗೆ ಡಾಲಸ್, ಇನ್ನೊಬ್ಬರಿಗೆ ಹ್ಯೂಸ್ಟನ್. ನಡುವೆ ಇಂಟರ್‌ಸ್ಟೇಟ್ 45, ಸುಮಾರು 240 ಮೈಲಿ. "ಒಂದೇ ರಾಜ್ಯ ಅಲ್ವಾ, ಪರವಾಗಿಲ್ಲ ಬಿಡಿ" ಅಂತ ಊರಲ್ಲಿ ಅಮ್ಮಂದಿರು ಸಮಾಧಾನ ಮಾಡಿಕೊಂಡಿದ್ದರು. ಟೆಕ್ಸಾಸ್ ಎಷ್ಟು ದೊಡ್ಡದು ಅಂತ ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ತಿಂಗಳಿಗೊಮ್ಮೆ ಭೇಟಿ. ಆ ಭೇಟಿಯಲ್ಲೂ ಒಬ್ಬರಿಗೆ ಅಸೈನ್‌ಮೆಂಟ್, ಇನ್ನೊಬ್ಬರ ಮನೆ ತುಂಬ ರೂಮ್‌ಮೇಟ್‌ಗಳು. ಹಾಗಾಗಿ ಮೊದಲ ವರ್ಷದ ಕೊನೆಗೆ, ಮೆಮೋರಿಯಲ್ ಡೇ ರಜೆಗೆ, ನಾವಿಬ್ಬರೇ ಸಮುದ್ರಕ್ಕೆ ಹೋಗೋಣ ಅಂತ ತೀರ್ಮಾನಿಸಿದೆವು. ಫೋಟೋಗಳಲ್ಲಿ ನೀರು ನೀಲಿಯಾಗಿ ಕಂಡದ್ದು ಸೌತ್ ಪಾಡ್ರೆ ದ್ವೀಪದಲ್ಲಿ. ಅದನ್ನೇ ಬುಕ್ ಮಾಡಿದೆವು, ಎರಡು ರಾತ್ರಿಗೆ.

ಈಗ ಲೆಕ್ಕ ಕೇಳಿ. ಡಾಲಸಿನವರು ಶುಕ್ರವಾರ ರಾತ್ರಿ ಹ್ಯೂಸ್ಟನ್ ಮುಟ್ಟಿದ್ದು ಹನ್ನೊಂದಕ್ಕೆ. ಶನಿವಾರ ಬೆಳಿಗ್ಗೆ ಹೊರಟು ಇನ್ನೂ 370 ಮೈಲಿಗೂ ಹೆಚ್ಚು ದಾರಿ. ಹೋಟೆಲಿಗೆ ಬಂದಾಗ ಸಂಜೆ ನಾಲ್ಕು. ಭಾನುವಾರ ಒಂದು ದಿನ ಪೂರ್ತಿ ಸಿಕ್ಕಿತು, ಆ ದಿನ ಜಗಳವಾಡಿದೆವು. ಸೋಮವಾರ ಬೆಳಿಗ್ಗೆ ಮತ್ತೆ ಕಾರು, ಡಾಲಸಿನವರು ಮನೆ ಸೇರಿದ್ದು ನಡುರಾತ್ರಿ. ಹೋಗಿ ಬಂದದ್ದು ಸಾವಿರದ ಇನ್ನೂರು ಮೈಲಿಗೂ ಮೇಲೆ. ವಿಶ್ರಾಂತಿಗೆ ಅಂತ ಹೋದವರು ಮುಂದಿನ ವಾರ ಪೂರ್ತಿ ಕ್ಲಾಸಿನಲ್ಲಿ ತೂಕಡಿಸಿದೆವು.

ಜಗಳದ ಕಾರಣವನ್ನೂ ಹೇಳಿಬಿಡುತ್ತೇವೆ, ಬೇರೆ ಜೋಡಿಗಳಿಗೂ ಉಪಯೋಗವಾಗಬಹುದು. ನಮ್ಮಲ್ಲೊಬ್ಬರು ಕುಂದಾಪುರದ ಕಡೆಯವರು, ಇನ್ನೊಬ್ಬರು ತುಮಕೂರಿನವರು. ತುಮಕೂರಿನವರಿಗೆ ಬೀಚ್ ಅಂದ್ರೆ ನೀರಿಗಿಳಿಯಬೇಕು, ದೋಣಿ ಹತ್ತಬೇಕು, ಡಾಲ್ಫಿನ್ ನೋಡಬೇಕು. ಕುಂದಾಪುರದವರಿಗೆ ಬೀಚ್ ಅಂದ್ರೆ ಮರಳಿನ ಮೇಲೆ ಸುಮ್ಮನೆ ಕೂತು ಅಲೆ ನೋಡುವುದು. "ನೀನು ರಜೆಗೆ ಬಂದಿದ್ದೀಯೋ, ಸಮುದ್ರ ಕಾಯೋಕೆ ಬಂದಿದ್ದೀಯೋ?" ಅಂತ ಒಬ್ಬರು. "ಎಂಥ ಮಾರಾಯ್ತಿ, ಎರಡು ಗಳಿಗೆ ಕೂತ್ಕೊಳ್ಳುದಕ್ಕೂ ಬಿಡುದಿಲ್ವಾ?" ಅಂತ ಇನ್ನೊಬ್ಬರು. ಹೊರಡುವ ಮೊದಲೇ ಮಾತಾಡಿಕೊಂಡಿದ್ದರೆ ಅರ್ಧ ದಿನ ಉಳಿಯುತ್ತಿತ್ತು.

ಆ ಪ್ರವಾಸದ ನಂತರ ನಾವು ಒಂದು ಕಚ್ಚಾ ನಿಯಮ ಮಾಡಿಕೊಂಡೆವು: ಒಂದು ರಾತ್ರಿಗೆ ಎರಡು ಗಂಟೆ ದಾರಿ. ಎರಡು ರಾತ್ರಿ ಇರುವುದಾದರೆ ಹೋಗುವ ದಾರಿ ನಾಲ್ಕು ಗಂಟೆ ಮೀರಬಾರದು, ಮೂರು ರಾತ್ರಿಗೆ ಆರು ಗಂಟೆ. ಈ ಅಳತೆಗೋಲು ಹಿಡಿದರೆ ಟೆಕ್ಸಾಸಿನ ಕರಾವಳಿ ತಾನಾಗಿಯೇ ವಿಂಗಡವಾಗುತ್ತದೆ. ಹ್ಯೂಸ್ಟನ್‌ನವರಿಗೆ ಗ್ಯಾಲ್ವೆಸ್ಟನ್ ಐವತ್ತು ಮೈಲಿ, ಒಂದು ರಾತ್ರಿಗೂ ಹೋಗಿಬರಬಹುದು. ಆಸ್ಟಿನ್‌ನವರಿಗೆ ಪೋರ್ಟ್ ಅರಾನ್ಸಾಸ್ ಮೂರೂವರೆ-ನಾಲ್ಕು ಗಂಟೆ, ಎರಡು ರಾತ್ರಿಗೆ ಸರಿ. ಡಾಲಸಿನವರಿಗೆ ಗ್ಯಾಲ್ವೆಸ್ಟನ್ 290 ಮೈಲಿ, ಐದು ಗಂಟೆ ಹಿಡಿಯುತ್ತದೆ, ಸ್ವಲ್ಪ ನಿಯಮ ಸಡಿಲಿಸಬೇಕು. ಸೌತ್ ಪಾಡ್ರೆ ಹ್ಯೂಸ್ಟನ್ ಮತ್ತು ಆಸ್ಟಿನ್‌ನಿಂದ ಆರು ಗಂಟೆಯ ಆಸುಪಾಸು, ಮೂರು ರಾತ್ರಿ ಬೇಕೇ ಬೇಕು. ಡಾಲಸಿನಿಂದಾದರೆ 550 ಮೈಲಿ, ಬೆಂಗಳೂರಿನಿಂದ ಪುಣೆಗೆ ಕಾರಿನಲ್ಲಿ ಹೋದ ಹಾಗೆ. ಅಷ್ಟು ದೂರಕ್ಕೆ ಹಾರ್ಲಿಂಜನ್‌ಗೋ ಬ್ರೌನ್ಸ್‌ವಿಲ್‌ಗೋ ವಿಮಾನ ಹಿಡಿಯುವುದು ವಾಸಿ.

ನಮ್ಮ ಹಾಗೆ ಎರಡು ಊರಲ್ಲಿರುವ ಜೋಡಿಗಳು ಇನ್ನೊಂದು ವಿಷಯ ನೋಡಬೇಕು: ಇಬ್ಬರಿಗೂ ಸಮನಾದ ಜಾಗ ಯಾವುದು? ಹ್ಯೂಸ್ಟನ್-ಆಸ್ಟಿನ್ ಜೋಡಿಗೆ ಪೋರ್ಟ್ ಅರಾನ್ಸಾಸ್ ಹೇಳಿ ಮಾಡಿಸಿದ ಹಾಗಿದೆ, ಎರಡೂ ಊರಿನಿಂದ ಹೆಚ್ಚುಕಡಿಮೆ ಒಂದೇ ದೂರ. ಡಾಲಸ್-ಹ್ಯೂಸ್ಟನ್ ಜೋಡಿಗೆ ಆ ಭಾಗ್ಯವಿಲ್ಲ. ಇಂಟರ್‌ಸ್ಟೇಟ್ 45 ಡಾಲಸಿನಲ್ಲಿ ಶುರುವಾಗಿ ಹ್ಯೂಸ್ಟನ್ ಮೇಲೆ ಹಾದು ಗ್ಯಾಲ್ವೆಸ್ಟನ್‌ನಲ್ಲಿ ಮುಗಿಯುತ್ತದೆ. ಡಾಲಸಿನವರು ಬಸ್ಸಿನಲ್ಲಿ ಹ್ಯೂಸ್ಟನ್‌ವರೆಗೆ ಬಂದು, ಅಲ್ಲಿಂದ ಒಂದೇ ಕಾರಿನಲ್ಲಿ ಹೋಗುವುದು ಒಳ್ಳೆಯದು. ಬಸ್ಸಿನಲ್ಲಿ ನಿದ್ದೆಯಾದರೂ ಆಗುತ್ತದೆ.

ಗ್ಯಾಲ್ವೆಸ್ಟನ್ ಹೆಸರು ಎತ್ತಿದರೆ ಸೀನಿಯರ್‌ಗಳು ಮೂಗು ಮುರಿಯುತ್ತಾರೆ, "ಅಯ್ಯೋ ಆ ಕೊಳಕು ನೀರಾ?" ಅಂತ. ನೀರು ಕಂದು ಬಣ್ಣದ್ದು ಅನ್ನುವುದು ನಿಜ, ಆದರೆ ಆ ಬಣ್ಣ ಕೊಳೆಯದಲ್ಲ, ಮಣ್ಣಿನದು. ಮಿಸಿಸಿಪ್ಪಿ ಮತ್ತು ಅಚಾಫಲಾಯ ನದಿಗಳು ಲೂಸಿಯಾನದಲ್ಲಿ ಕಡಲಿಗೆ ಸುರಿಯುವ ಮಣ್ಣನ್ನು ಕರಾವಳಿಯ ಪ್ರವಾಹ ವರ್ಷದ ಬಹುಪಾಲು ಪಶ್ಚಿಮಕ್ಕೆ ತಳ್ಳುತ್ತದೆ. ಹತ್ತಿರದ ಬ್ರಾಜೋಸ್ ಇತ್ಯಾದಿ ನದಿಗಳದ್ದೂ ಸೇರುತ್ತದೆ. ಅಲ್ಲಿ ಕಡಲ ತಳ ಬಹುದೂರದವರೆಗೆ ಆಳವಿಲ್ಲದ್ದು, ಮರಳು ಸಣ್ಣದು, ಹಾಗಾಗಿ ಪ್ರತಿ ಅಲೆಯೂ ಅದನ್ನು ಕಲಕುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಮಂಗಳೂರಿನ ಅಳಿವೆಯ ಹತ್ತಿರ ನಿಂತು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ನೇತ್ರಾವತಿಯ ಕೆಂಪು ನೀರು ಕಡಲಿಗೆ ಎಷ್ಟು ದೂರ ಹೋಗುತ್ತದೆ ಅಂತ ಅವರು ಕಂಡಿದ್ದಾರೆ. ಬೇಸಿಗೆಯಲ್ಲಿ ಗಾಳಿ-ಪ್ರವಾಹ ದಿಕ್ಕು ಬದಲಿಸಿದಾಗ ಗ್ಯಾಲ್ವೆಸ್ಟನ್‌ನಲ್ಲೂ ಕೆಲವು ದಿನ ಹಸಿರು-ನೀಲಿ ನೀರು ಬರುತ್ತದೆ. ದಕ್ಷಿಣಕ್ಕೆ ಹೋದಷ್ಟೂ ದೊಡ್ಡ ನದಿಗಳು ಕಡಿಮೆ, ನೀರು ತಿಳಿ. ಸೌತ್ ಪಾಡ್ರೆಯ ಫೋಟೋ ಚೆಂದ ಬರುವುದು ಇದಕ್ಕೇ. ನೀರಿನ ಶುದ್ಧತೆ ತಿಳಿಯಬೇಕಾದರೆ ಬಣ್ಣ ನೋಡಬೇಡಿ, ರಾಜ್ಯದವರು ನಡೆಸುವ 'ಟೆಕ್ಸಾಸ್ ಬೀಚ್ ವಾಚ್'ನಲ್ಲಿ ಬ್ಯಾಕ್ಟೀರಿಯಾ ಪರೀಕ್ಷೆಯ ಫಲಿತಾಂಶ ಹಾಕುತ್ತಾರೆ, ಅದನ್ನು ನೋಡಿ.

ಗ್ಯಾಲ್ವೆಸ್ಟನ್‌ಗೆ ಒಂದು ದೊಡ್ಡ ಕಥೆಯೂ ಇದೆ. 1900ರ ಸೆಪ್ಟೆಂಬರ್ 8ರ ಚಂಡಮಾರುತದಲ್ಲಿ ಇಲ್ಲಿ ಕಡಿಮೆಯೆಂದರೂ ಆರು ಸಾವಿರ ಜನ ಸತ್ತರು. ಆಮೇಲೆ ಹದಿನೇಳು ಅಡಿ ಎತ್ತರದ ಕಡಲ ಗೋಡೆ ಕಟ್ಟಿ, ಊರಿನ ನೆಲವನ್ನೇ ಮಣ್ಣು ತುಂಬಿ ಎತ್ತರಿಸಿದರು. ಆ ಗೋಡೆಯ ಮೇಲೆ ಸಂಜೆ ಕೈ ಕೈ ಹಿಡಿದು ನಡೆಯಬಹುದು, ಆದರೆ ಪಕ್ಕದಲ್ಲೇ ನಾಲ್ಕು ಲೇನಿನ ರಸ್ತೆ, ಗದ್ದಲ. ಸದ್ದಿಲ್ಲದ ಜಾಗ ಬೇಕಿದ್ದರೆ ಗೋಡೆ ಮುಗಿದ ಮೇಲೆ ದ್ವೀಪದ ಪಶ್ಚಿಮ ತುದಿಯ ಕಡೆ ಮನೆ ಹುಡುಕಿ. ಡಾಲ್ಫಿನ್‌ಗೆ ದುಡ್ಡು ಕೊಟ್ಟು ದೋಣಿ ಹತ್ತುವ ಮೊದಲು ಬೊಲಿವರ್‌ಗೆ ಹೋಗುವ ಫೆರಿ ಹತ್ತಿ ನೋಡಿ. ಅದು ಸರ್ಕಾರದ್ದು, ಪುಕ್ಕಟೆ, ಹಗಲು ರಾತ್ರಿ ಓಡುತ್ತದೆ. ಡಾಲ್ಫಿನ್‌ಗಳು ಅದರ ಪಕ್ಕದಲ್ಲೇ ಈಜುತ್ತಿರುತ್ತವೆ.

ಪೋರ್ಟ್ ಅರಾನ್ಸಾಸ್ ಮುಸ್ಟಾಂಗ್ ದ್ವೀಪದ ಸಣ್ಣ ಊರು. ಇಲ್ಲಿಗೂ ಪುಕ್ಕಟೆ ಫೆರಿಯಲ್ಲೇ ಕಾರು ದಾಟಿಸಬಹುದು. ಬೀಚಿನ ಮೇಲೆಯೇ ಕಾರು ಓಡಿಸುತ್ತಾರೆ. ಮೊದಲ ಸಲ ನೋಡಿದಾಗ ನಮಗೆ ಕಸಿವಿಸಿಯಾಯಿತು, ಆಮೇಲೆ ಕುರ್ಚಿ, ಕೊಡೆ, ಬುತ್ತಿ ಎಲ್ಲ ಕಾರಿನಲ್ಲೇ ಇಟ್ಟುಕೊಂಡು ನೀರಿನ ಪಕ್ಕ ಕೂರುವ ಸುಖ ಗೊತ್ತಾಯಿತು. ದಕ್ಷಿಣಕ್ಕೆ ಹೋದರೆ ಪಾಡ್ರೆ ಐಲೆಂಡ್ ನ್ಯಾಷನಲ್ ಸೀಶೋರ್. ಕಟ್ಟಡಗಳಿಲ್ಲದ ತಡೆದ್ವೀಪಗಳಲ್ಲಿ ಜಗತ್ತಿನಲ್ಲೇ ಅತಿ ಉದ್ದದ್ದು. ಕೆಂಪ್ಸ್ ರಿಡ್ಲಿ ಅನ್ನುವ ಅಪರೂಪದ ಕಡಲಾಮೆಗಳ ಮರಿಗಳನ್ನು ಜೂನ್‌ನಿಂದ ಆಗಸ್ಟ್‌ವರೆಗೆ ಕೆಲವು ದಿನ ನಸುಕಿನಲ್ಲಿ ಇಲ್ಲಿ ಕಡಲಿಗೆ ಬಿಡುತ್ತಾರೆ, ಸಾರ್ವಜನಿಕರೂ ನೋಡಬಹುದು. ಮರಿಗಳು ಯಾವತ್ತು ಮೊಟ್ಟೆಯೊಡೆದು ಬರುತ್ತವೆ ಅನ್ನುವುದು ಅವುಗಳ ಇಷ್ಟ, ಆದ್ದರಿಂದ ಹಿಂದಿನ ದಿನವೇ ಪಾರ್ಕಿನವರ ಪ್ರಕಟಣೆ ನೋಡಿಕೊಳ್ಳಿ.

ಸೌತ್ ಪಾಡ್ರೆ ಬೇಡ ಅಂತ ನಾವು ಹೇಳುವುದಿಲ್ಲ. ಬೇಕಾದಷ್ಟು ರಾತ್ರಿಗಳಿದ್ದರೆ ಮೂರರಲ್ಲಿ ಅದೇ ಸುಂದರ. ಪೂರ್ವಕ್ಕೆ ಕಡಲು, ಪಶ್ಚಿಮಕ್ಕೆ ಲಗೂನಾ ಮಾದ್ರೆ ಅನ್ನುವ ಹಿನ್ನೀರು. ಮರವಂತೆಯಲ್ಲಿ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ಇದ್ದ ಹಾಗೆ. ನಮ್ಮ ಕಡೆಯವರಿಗೆ ಸೂರ್ಯ ಕಡಲಿನಲ್ಲಿ ಮುಳುಗಬೇಕು, ಇಲ್ಲಿ ಕಡಲಿನಿಂದ ಹುಟ್ಟುತ್ತಾನೆ. ಮುಳುಗುವುದನ್ನು ನೋಡಬೇಕಾದರೆ ಹಿನ್ನೀರಿನ ಕಡೆ ತಿರುಗಿ ಕೂರಬೇಕು.

ಆದರೆ ಅಲ್ಲಿಂದ ಹಿಂದಿರುಗುವ ದಾರಿಯ ಬಗ್ಗೆ ಎಫ್-1, ಎಫ್-2ನಲ್ಲಿರುವ ಎಲ್ಲರೂ ತಿಳಿದಿರಬೇಕು. ಮೆಕ್ಸಿಕೋ ಗಡಿ ಹತ್ತಿರವಾದ್ದರಿಂದ ಉತ್ತರಕ್ಕೆ ಬರುವ ಎರಡೂ ಹೆದ್ದಾರಿಗಳಲ್ಲಿ ಬಾರ್ಡರ್ ಪೆಟ್ರೋಲ್‌ನ ತಪಾಸಣಾ ಠಾಣೆಗಳಿವೆ, 77ರಲ್ಲಿ ಸರೀಟಾ ಬಳಿ, 281ರಲ್ಲಿ ಫಾಲ್ಫುರಿಯಸ್ ಬಳಿ. ದೇಶ ಬಿಟ್ಟು ಹೋಗಿರದಿದ್ದರೂ ಕಾರು ನಿಲ್ಲಿಸಿ "ಯಾವ ದೇಶದವರು?" ಅಂತ ಕೇಳುತ್ತಾರೆ. ಪಾಸ್‌ಪೋರ್ಟ್, ಐ-94 ಪ್ರಿಂಟ್, ಐ-20 ಮೂರೂ ಕೈಯಲ್ಲಿರಬೇಕು, ಫೋನಿನಲ್ಲಿರುವ ಫೋಟೋ ಸಾಲದು. ನಮ್ಮಲ್ಲೊಬ್ಬರ ಐ-20 ಅವತ್ತು ಡಾಲಸಿನ ಮೇಜಿನ ಡ್ರಾಯರಿನಲ್ಲಿತ್ತು. ಅಧಿಕಾರಿ ಸೌಜನ್ಯದಿಂದಲೇ ಮಾತಾಡಿದರು, ಕಂಪ್ಯೂಟರಿನಲ್ಲಿ ನೋಡಿ ಬಿಟ್ಟರು. ಆದರೆ ಕಾರನ್ನು ಪಕ್ಕಕ್ಕೆ ಹಾಕಿ ಕಾದ ಆ ಅರ್ಧ ಗಂಟೆಯಲ್ಲಿ ಓದು, ಸಾಲ, ಅಪ್ಪ ಇಟ್ಟ ಸೈಟಿನ ಅಡಮಾನ ಎಲ್ಲ ಕಣ್ಣ ಮುಂದೆ ಬಂದು ಹೋಯಿತು. ಹಿಂದಿನ ದಿನದ ಜಗಳ ಅಲ್ಲೇ ಮುಗಿಯಿತು ಅನ್ನುವುದೊಂದೇ ಲಾಭ.

ಕ್ಯಾಂಕೂನ್ ಕೇಳುವವರೂ ಇದ್ದಾರೆ. ವಿಮಾನದಲ್ಲಿ ಹತ್ತಿರವೇ, ನೀರು ಕನ್ನಡಿಯಂತೆ. ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದರೆ ಭಾರತೀಯರಿಗೆ ಮೆಕ್ಸಿಕೋ ವೀಸಾ ಬೇಕಾಗುವುದಿಲ್ಲ. ಸ್ಟಾಂಪಿಂಗ್ ಮುಗಿದಿದ್ದರೆ ಕಥೆ ಬೇರೆ. ಮೂವತ್ತು ದಿನದೊಳಗಿನ ಪ್ರವಾಸಕ್ಕೆ ವಾಪಸ್ ಬರಲು ಅಮೆರಿಕದ 'ಆಟೋಮ್ಯಾಟಿಕ್ ರೀವ್ಯಾಲಿಡೇಷನ್' ನಿಯಮ ಅವಕಾಶ ಕೊಡಬಹುದು, ಆದರೆ ಒಳಗೆ ಬಿಡಲು ಮೆಕ್ಸಿಕೋದವರು ತಮ್ಮ ವೀಸಾ ಕೇಳುತ್ತಾರೆ. ಐ-20ರಲ್ಲಿ ಟ್ರಾವೆಲ್ ಸಿಗ್ನೇಚರ್ ಹಳೆಯದಾಗಿರಬಾರದು. ಗ್ಯಾಲ್ವೆಸ್ಟನ್‌ನಿಂದ ಹೊರಡುವ ಅಗ್ಗದ ಕ್ರೂಸ್‌ಗಳೂ ಕೊಝುಮೆಲ್ ಕಡೆ ಹೋದರೆ ದೇಶ ಬಿಟ್ಟ ಹಾಗೆಯೇ ಲೆಕ್ಕ. ಟಿಕೆಟ್ ತೆಗೆಯುವ ಮೊದಲು ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳಿಕೊಳ್ಳಿ. ವೀಸಾ ತಲೆನೋವಿಲ್ಲದೆ ಕೆರಿಬಿಯನ್ ನೀರು ಬೇಕೇ ಬೇಕು ಅಂದರೆ ಪೋರ್ಟೊ ರಿಕೋ ಇದೆ. ಅದು ಅಮೆರಿಕದ್ದೇ ನೆಲ, ಡಾಲಸ್ ಮತ್ತು ಹ್ಯೂಸ್ಟನ್‌ನಿಂದ ಸಾನ್ ವಾನ್‌ಗೆ ನೇರ ವಿಮಾನಗಳಿವೆ. ಕಾಗದಪತ್ರ ಮಾತ್ರ ಅಲ್ಲಿಗೂ ಒಯ್ಯಿರಿ.

ಯಾವಾಗ ಹೋಗಬೇಕು ಅನ್ನುವುದಕ್ಕೆ ನಮ್ಮ ಉತ್ತರ ಏಪ್ರಿಲ್ ಕೊನೆ, ಇಲ್ಲವೇ ಅಕ್ಟೋಬರ್. ಮಾರ್ಚಿನಲ್ಲಿ ಸ್ಪ್ರಿಂಗ್ ಬ್ರೇಕ್ ಗಲಾಟೆ, ರಾತ್ರಿಯಿಡೀ ಪಕ್ಕದ ಕೋಣೆಯ ಪಾರ್ಟಿ ಕೇಳಬೇಕು. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ, ಅದರಲ್ಲೂ ಆಗಸ್ಟ್-ಸೆಪ್ಟೆಂಬರ್ ಹೆಚ್ಚು. 2017ರ ಆಗಸ್ಟ್ 25ರಂದು ಹಾರ್ವಿ ಅಪ್ಪಳಿಸಿದ್ದು ಪೋರ್ಟ್ ಅರಾನ್ಸಾಸ್-ರಾಕ್‌ಪೋರ್ಟ್ ಬಳಿಯೇ. ಈ ತಿಂಗಳುಗಳಲ್ಲಿ ಹತ್ತು ಡಾಲರ್ ಜಾಸ್ತಿಯಾದರೂ ರದ್ದು ಮಾಡಬಹುದಾದ ಕೋಣೆಯನ್ನೇ ಹಿಡಿಯಿರಿ. ಜನವರಿಯಲ್ಲಿ ಬಾಡಿಗೆ ಇಳಿಯುತ್ತದೆ, ನೀರೂ ಕೊರೆಯುತ್ತದೆ. ಸುಮ್ಮನೆ ಕೂರುವ ಕುಂದಾಪುರದವರಿಗೆ ಅದೇ ಒಳ್ಳೆಯ ಕಾಲ.

ಈಜು ಬರುತ್ತದೆ ಅಂತ ಧೈರ್ಯ ಮಾಡಬೇಡಿ. ಕೆರೆ, ಬಾವಿಯಲ್ಲಿ ಕಲಿತ ಈಜು ಕಡಲಿನ ಸೆಳೆತಕ್ಕೆ ಸಾಲುವುದಿಲ್ಲ. ಗ್ಯಾಲ್ವೆಸ್ಟನ್‌ನ ಕಲ್ಲಿನ ತಡೆಗಳ ಪಕ್ಕದಲ್ಲಿ ಸದಾ ಸೆಳೆತವಿರುತ್ತದೆ, ಅಲ್ಲಿ ಇಳಿಯಲೇಬಾರದು. ಸೆಳೆತ ಒಳಕ್ಕೆ ಎಳೆದರೆ ದಡದ ಕಡೆ ಎದುರೀಜಬೇಡಿ, ತೇಲಿಕೊಂಡು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಕೆಂಪು ಬಾವುಟ ಅಂದರೆ ಅಪಾಯ, ನೇರಳೆ ಬಾವುಟ ಅಂದರೆ ಜೆಲ್ಲಿ ಮೀನಿನಂಥವು ಇವೆ ಅಂತ. ಕಾಲು ಎತ್ತಿ ಇಡುವ ಬದಲು ಮರಳಿನಲ್ಲಿ ಎಳೆದುಕೊಂಡು ನಡೆದರೆ ತಳದಲ್ಲಿ ಮಲಗಿರುವ ತೊರಕೆ ಮೀನು ಸರಿದು ಹೋಗುತ್ತದೆ.

ಊಟದ ಮಾತು ಚಿಕ್ಕದು. ಸಸ್ಯಾಹಾರಿಗಳಾದರೆ ಅಡುಗೆಮನೆ ಇರುವ ಕೋಣೆ ಹಿಡಿಯಿರಿ. ಪುಳಿಯೋಗರೆ ಗೊಜ್ಜು, ಒಂದು ಡಬ್ಬಿ ಮೊಸರು, ಸಣ್ಣ ಕುಕ್ಕರ್ ಇದ್ದರೆ ಮೂರು ದಿನ ಆರಾಮ. ಮೀನು ತಿನ್ನುವವರಿಗೆ ಎಲ್ಲ ಕಡೆ ಹಬ್ಬ, ಆದರೆ ನಮ್ಮ ಕಡೆಯ ಖಾರ ಹುಡುಕಬೇಡಿ.

ಎರಡನೇ ಸಲ ನಾವು ಹೋದದ್ದು ಗ್ಯಾಲ್ವೆಸ್ಟನ್‌ಗೆ, ಅಕ್ಟೋಬರಿನಲ್ಲಿ. ನೀರು ಕಂದು ಬಣ್ಣದ್ದೇ ಇತ್ತು. ಬೆಳಗಿನ ಹೊತ್ತು ಒಬ್ಬರು ಕೂತರು, ಇನ್ನೊಬ್ಬರು ಈಜಿದರು; ಸಂಜೆ ಇಬ್ಬರೂ ಫೆರಿಯಲ್ಲಿ ಸುಮ್ಮನೆ ಮೂರು ಸಲ ಆಚೆ ಈಚೆ ಹೋಗಿ ಬಂದೆವು. ಡಾಲಸಿನವರಿಗೆ ಈಗ ಆಸ್ಟಿನ್‌ನಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ, ಆದ್ದರಿಂದ ಈ ಥ್ಯಾಂಕ್ಸ್‌ಗಿವಿಂಗ್‌ಗೆ ಪೋರ್ಟ್ ಅರಾನ್ಸಾಸ್ ಬುಕ್ ಆಗಿದೆ, ಮೂರು ರಾತ್ರಿಗೆ. ಆ ದಾರಿಯಲ್ಲಿ ತಪಾಸಣಾ ಠಾಣೆ ಇಲ್ಲ. ಆದರೂ ಎರಡೂ ಐ-20ಗಳು ಆಗಲೇ ಬ್ಯಾಗಿನ ಮೇಲಿನ ಜೇಬು ಸೇರಿವೆ.