ಅರ್ಧ ಶತಮಾನ ಕಾದ ಪುಡಿ

ಮಲೆನಾಡಿನ ಶಾಲೆಗಳಲ್ಲಿ ಓದಿದವರಿಗೆ ನಸುಗುನ್ನಿಯನ್ನು ಪರಿಚಯಿಸಬೇಕಿಲ್ಲ. ಬೇಲಿಯ ಮೇಲೆ ಹಬ್ಬುವ ಬಳ್ಳಿ, ಕಂದು ರೋಮ ಹೊದ್ದು ಬಾಗಿದ ಕಾಯಿ. ಆ ರೋಮ ಚಿಟಿಕೆಯಷ್ಟು ಅಂಗಿಯ ಕೊರಳಪಟ್ಟಿಯೊಳಗೆ ಬಿದ್ದರೂ ಸಾಕು, ಆ ದಿನದ ಪಾಠ ಅಲ್ಲಿಗೆ ಮುಗಿಯಿತು. ರೋಮದಲ್ಲಿರುವ ಮ್ಯೂಕುನೈನ್ ಎಂಬ ಕಿಣ್ವ ಚರ್ಮದಡಿಯ ತುರಿಕೆಯ ನರಗಳನ್ನೇ ಕೆಣಕುತ್ತದೆ. ತುರಿಕೆ ಹೇಗೆ ಹುಟ್ಟುತ್ತದೆಂದು ತಿಳಿಯಲು ವಿಜ್ಞಾನಿಗಳು ಇದೇ ರೋಮವನ್ನು ಜನರ ಕೈಮೇಲೆ ಉಜ್ಜಿ ಪರೀಕ್ಷಿಸಿದ್ದಾರೆ.

ರೋಮಕ್ಕಿಂತ ದೊಡ್ಡ ಕಥೆ ಒಳಗಿನ ಬೀಜದ್ದು. 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ನಸುಗುನ್ನಿ ಬೀಜದಿಂದ ಲೆವೊಡೋಪಾ ಎಂಬ ವಸ್ತುವನ್ನು ಬೇರ್ಪಡಿಸಿ ಬ್ರಿಟನ್ನಿನ ಜೀವರಸಾಯನ ಪತ್ರಿಕೆಯೊಂದರಲ್ಲಿ ವರದಿ ಮಾಡಿದರು. ಇಂದು ಪಾರ್ಕಿನ್ಸನ್ ಕಾಯಿಲೆಯವರು ದಿನಕ್ಕೆ ಮೂರು, ನಾಲ್ಕು, ಐದು ಬಾರಿ ನುಂಗುವ ಮಾತ್ರೆಯ ಜೀವಾಳ ಇದೇ ವಸ್ತು. ಆದರೆ 1937ರಲ್ಲಿ ಅದು ಔಷಧವೆಂದು ಅವರಿಗೂ ಗೊತ್ತಿರಲಿಲ್ಲ, ಜಗತ್ತಿನಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಅದಕ್ಕೂ 24 ವರ್ಷ ಮೊದಲೇ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮಾರ್ಕಸ್ ಗುಗ್ಗೆನ್‌ಹೈಮ್ ಅದೇ ವಸ್ತುವನ್ನು ಫಾವಾ ಎಂಬ ಅಗಲ ಕಾಳಿನಿಂದ ತೆಗೆದಿದ್ದರು. ಏನಾಗುತ್ತದೆ ನೋಡೋಣವೆಂದು ಎರಡೂವರೆ ಗ್ರಾಂ ಪುಡಿಯನ್ನು ತಾವೇ ನುಂಗಿದರು. ಹೊಟ್ಟೆ ತೊಳಸಿ ವಾಂತಿಯಾಯಿತು. ಪ್ರಾಣಿಗಳ ಮೇಲೂ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಅದು ನಿರುಪಯೋಗಿ ಎಂಬ ತೀರ್ಮಾನದೊಂದಿಗೆ ಸೀಸೆ ಕಪಾಟು ಸೇರಿತು. 1913ರಲ್ಲಿ ಕಪಾಟು ಸೇರಿದ ಪುಡಿ ರೋಗಿಗಳ ಕೈಗೆ ಸರಿಯಾಗಿ ತಲುಪಿದ್ದು 1967ರ ಹೊತ್ತಿಗೆ. ಈ ಕಥೆಯಲ್ಲಿ ನನ್ನನ್ನು ಕಾಡುವುದು ಆ ಐವತ್ತನಾಲ್ಕು ವರ್ಷ. ಔಷಧ ಕೈಯಲ್ಲೇ ಇತ್ತು. ಮಿದುಳಿಗೆ ಏನು ಕಡಿಮೆಯಾಗಿದೆ ಎಂಬುದು ಮಾತ್ರ ತಿಳಿದಿರಲಿಲ್ಲ.

ಕಾಯಿಲೆಯೇನೋ ಹಳೆಯದು. ಆಯುರ್ವೇದದವರು ಅದನ್ನು ಕಂಪವಾತವೆಂದರು. ಲಂಡನ್ನಿನ ಹಾಕ್ಸ್‌ಟನ್ ಬಡಾವಣೆಯ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆರು ಜನರ ಲಕ್ಷಣಗಳನ್ನು ವಿವರಿಸಿ ‘ನಡುಗುವ ಪಾರ್ಶ್ವವಾಯು’ ಕುರಿತು ಸಣ್ಣ ಪುಸ್ತಕ ಬರೆದರು. ಆರರಲ್ಲಿ ಕೆಲವರು ಅವರ ರೋಗಿಗಳೇ ಅಲ್ಲ, ಬೀದಿಯಲ್ಲಿ ನಡೆದುಹೋಗುವಾಗ ಕಣ್ಣಿಗೆ ಬಿದ್ದವರು. ಕೈಯ ನಡುಕ, ಮುಂದಕ್ಕೆ ಬಾಗಿದ ಬೆನ್ನು, ಮುಗ್ಗರಿಸುವಂತೆ ಓಡುವ ಪುಟ್ಟ ಪುಟ್ಟ ಹೆಜ್ಜೆ ಇವನ್ನೆಲ್ಲ ಅವರು ಬರಿಗಣ್ಣಿನಿಂದ ಗುರುತಿಸಿದ್ದರು. ಅರ್ಧ ಶತಮಾನದ ನಂತರ ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ಶಾರ್ಕೊ ಈ ಕಾಯಿಲೆಗೆ ಪಾರ್ಕಿನ್ಸನ್‌ರ ಹೆಸರಿಟ್ಟರು. ಇದು ಲಕ್ವವಲ್ಲ, ಸ್ನಾಯುವಿನಲ್ಲಿ ಬಲವಿದೆ, ಚಲನೆ ನಿಧಾನವಾಗಿದೆ ಎಂದು ಬಿಡಿಸಿ ಹೇಳಿದವರೂ ಅವರೇ.

ಈ ವ್ಯತ್ಯಾಸ ಮನೆಯವರಿಗೆ ಬೇಗ ಹೊಳೆಯುವುದಿಲ್ಲ. ಅಜ್ಜನ ಕೈಯಲ್ಲಿ ಕಾಫಿ ಲೋಟ ಕುಣಿದರೆ ವಯಸ್ಸಾಯಿತು ಎನ್ನುತ್ತೇವೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಹಿಡಿಯುತ್ತದೆ, ಅಕ್ಷರ ಸಾಲಿನಿಂದ ಸಾಲಿಗೆ ಇರುವೆಯಂತೆ ಚಿಕ್ಕದಾಗುತ್ತದೆ, ಮುಖದಲ್ಲಿ ನಗು ಮೂಡುವುದಿಲ್ಲ. ಮಾತಾಡಿಸಿದರೂ ಮುಖ ಅರಳದವರನ್ನು ‘ಯಾಕೋ ಸಿಟ್ಟಾಗಿದ್ದಾರೆ’ ಎಂದುಕೊಳ್ಳುತ್ತೇವೆ. ಒಳಗೆ ಅವರು ನಗುತ್ತಿರುತ್ತಾರೆ, ಆ ನಗು ಮುಖದವರೆಗೆ ಬರುವುದಿಲ್ಲ, ಅಷ್ಟೇ.

ತಪ್ಪಿದ್ದೆಲ್ಲಿ? ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶ ಇನ್ನೊಂದಕ್ಕೆ ತಾಗಿಕೊಂಡಿರುವುದಿಲ್ಲ, ನಡುವೆ ಕಣ್ಣಿಗೆ ಕಾಣದ ಕಂದಕವಿದೆ. ವಿದ್ಯುತ್ತಿನಂತೆ ಹರಿದು ಬಂದ ಸಂದೇಶ ಆ ದಂಡೆಯಲ್ಲಿ ನಿಂತು, ರಾಸಾಯನಿಕದ ಹನಿಯಾಗಿ ಆಚೆ ದಾಟುತ್ತದೆ. ಅಂಥ ದಾಟುವ ರಾಸಾಯನಿಕಗಳಲ್ಲಿ ಡೋಪಮೈನ್ ಒಂದು. ಅದನ್ನು ತಯಾರಿಸುವ ಕೋಶಗಳ ಮುಖ್ಯ ನೆಲೆ ನಡುಮಿದುಳಿನಲ್ಲಿರುವ, ಸಬ್‌ಸ್ಟಾನ್ಶಿಯಾ ನೈಗ್ರಾ ಎಂಬ ಕಪ್ಪು ಪಟ್ಟಿ. ಕೋಟಿಗಟ್ಟಲೆ ಕೋಶಗಳ ಈ ಊರಿನಲ್ಲಿ ಅವುಗಳ ಸಂಖ್ಯೆ ಬರೀ ಕೆಲವು ಲಕ್ಷ. ಅವುಗಳ ಎಳೆಗಳು ಮೇಲೆ ಸ್ಟ್ರಯಾಟಮ್ ಎಂಬ ಭಾಗಕ್ಕೆ ಹೋಗಿ ಡೋಪಮೈನ್ ಸುರಿಸುತ್ತವೆ. ಯಾವ ಚಲನೆ ಶುರುವಾಗಬೇಕು, ಯಾವುದನ್ನು ತಡೆಯಬೇಕು, ಹೆಜ್ಜೆ ಎಷ್ಟು ದೊಡ್ಡದಿರಬೇಕು ಎಂಬುದು ಅಲ್ಲಿ ಹದವಾಗುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಸಂಗ್ರಹಾಲಯವಿದೆ. ಸಾರ್ವಜನಿಕರೂ ಹೋಗಿ ಮನುಷ್ಯನ ಮಿದುಳನ್ನು ಹತ್ತಿರದಿಂದ ನೋಡಬಹುದು. ಆರೋಗ್ಯವಂತರ ನಡುಮಿದುಳನ್ನು ಅಡ್ಡಲಾಗಿ ಕೊಯ್ದರೆ ಈ ಕಪ್ಪು ಪಟ್ಟಿ, ಕಾಡಿಗೆ ತೀಡಿದಂತೆ, ಭೂತಗನ್ನಡಿಯಿಲ್ಲದೆಯೇ ಕಾಣಿಸುತ್ತದೆ. ಪಾರ್ಕಿನ್ಸನ್ ಆದವರಲ್ಲಿ ಅದು ಮಾಸಿರುತ್ತದೆ. 1919ರಲ್ಲಿ ಪ್ಯಾರಿಸ್ಸಿನಲ್ಲಿ ಓದುತ್ತಿದ್ದ ಟ್ರೆಟ್ಯಾಕಾಫ್ ತಮ್ಮ ಪ್ರಬಂಧದಲ್ಲಿ ಇದನ್ನು ದಾಖಲಿಸಿದರು. ಕಪ್ಪು ಯಾಕೆ ಅಳಿಯಿತು, ಅಳಿದರೆ ಏನು ಕೊರತೆಯಾಗುತ್ತದೆ ಎಂಬುದನ್ನು ಹೇಳುವವರಿಲ್ಲದೆ ಮತ್ತೆ ನಾಲ್ಕು ದಶಕ ಉರುಳಿತು.

ಬಾಗಿಲು ತೆರೆದದ್ದು ನಮ್ಮ ಕಾಡಿನ ಇನ್ನೊಂದು ಗಿಡ. ಸರ್ಪಗಂಧದ ಬೇರನ್ನು ನಿದ್ದೆಗೆ, ಉದ್ರೇಕಕ್ಕೆ ಈ ನೆಲದ ವೈದ್ಯರು ಬಹುಕಾಲದಿಂದ ಕೊಡುತ್ತಿದ್ದರು. ಮುಂಬೈಯ ಹೃದಯತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಅದು ರಕ್ತದೊತ್ತಡ ಇಳಿಸುವ ಬಗೆಯನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದಾಗ ಜಗತ್ತಿನ ಕಣ್ಣು ಇತ್ತ ತಿರುಗಿತು. 1952ರಲ್ಲಿ ಬೇರಿನ ಸಾರವಾದ ರೆಸರ್ಪೀನ್ ಬೇರ್ಪಟ್ಟಿತು, ಅದೂ ಬಾಸೆಲ್‌ನಲ್ಲೇ. ರೆಸರ್ಪೀನ್ ತೆಗೆದುಕೊಂಡ ಕೆಲವರಲ್ಲಿ ವಿಚಿತ್ರವೊಂದು ಕಂಡಿತು: ಮೈ ಬಿಗಿಯುತ್ತಿತ್ತು, ನಡೆ ನಿಧಾನವಾಗುತ್ತಿತ್ತು, ಕೈ ನಡುಗುತ್ತಿತ್ತು. ಥೇಟ್ ಪಾರ್ಕಿನ್ಸನ್. ಮದ್ದು ನಿಲ್ಲಿಸಿದರೆ ಅದೂ ಹೋಗುತ್ತಿತ್ತು.

ಸ್ವೀಡನ್ನಿನ ಲುಂಡ್‌ನಲ್ಲಿ ಆರ್ವಿಡ್ ಕಾರ್ಲ್‌ಸನ್ ಈ ಎಳೆ ಹಿಡಿದರು. ರೆಸರ್ಪೀನ್ ಚುಚ್ಚಿದ ಮೊಲಗಳು ಕಿವಿ ಜೋಲುಬಿಟ್ಟು ಮಿಸುಕದೆ ಬಿದ್ದಿರುತ್ತಿದ್ದವು. 1957ರಲ್ಲಿ ಅವರು ಅವಕ್ಕೆ ಡೋಪಾ ಚುಚ್ಚಿದರು, ಅದೇ ಕಪಾಟಿನ ಪುಡಿ. ಕೆಲವೇ ನಿಮಿಷಗಳಲ್ಲಿ ಕಿವಿ ನಿಮಿರಿತು, ಮೊಲ ಎದ್ದು ಓಡಾಡಿತು. ರೆಸರ್ಪೀನ್‌ನಿಂದ ಮಿದುಳಿನ ಇನ್ನೊಂದು ರಾಸಾಯನಿಕವಾದ ನಾರ್‌ಅಡ್ರಿನಾಲಿನ್ ಬರಿದಾದದ್ದೇ ಜಡತೆಗೆ ಕಾರಣವಿರಬೇಕು ಎಂಬುದು ಅಲ್ಲಿಯವರೆಗಿನ ಊಹೆ. ಅಳೆದು ನೋಡಿದರೆ ಮೊಲ ಎದ್ದಿದ್ದರೂ ನಾರ್‌ಅಡ್ರಿನಾಲಿನ್ ಮರಳಿರಲಿಲ್ಲ. ಮರಳಿದ್ದು ಡೋಪಮೈನ್. ಬೇರೆ ರಾಸಾಯನಿಕ ತಯಾರಾಗುವ ದಾರಿಯ ಮಧ್ಯದ ಮೆಟ್ಟಿಲು ಎಂದಷ್ಟೇ ಪುಸ್ತಕಗಳಲ್ಲಿದ್ದ ವಸ್ತುವಿಗೆ ತನ್ನದೇ ಕೆಲಸವಿದೆ ಎಂದು ಮೊಲದ ಕಿವಿ ಹೇಳಿತು.

1960ರಲ್ಲಿ ಲಂಡನ್ನಿನ ಸಭೆಯಲ್ಲಿ ಕಾರ್ಲ್‌ಸನ್ ಇದನ್ನು ಮಂಡಿಸಿದಾಗ ಹಿರಿಯರು ನಂಬಲಿಲ್ಲ. ಮಿದುಳಿನಲ್ಲಿ ಸಂದೇಶ ರಾಸಾಯನಿಕವಾಗಿ ದಾಟುತ್ತದೆ ಎಂಬುದೇ ಆಗ ಹಲವರಿಗೆ ಒಪ್ಪಿಗೆಯಾಗಿರಲಿಲ್ಲ. ಅದೇ ವರ್ಷ ವಿಯೆನ್ನಾದಲ್ಲಿ ಓಲೆ ಹಾರ್ನಿಕೀವಿಚ್ ಎಂಬ ಯುವ ವಿಜ್ಞಾನಿ, ತೀರಿಹೋದ ಪಾರ್ಕಿನ್ಸನ್ ರೋಗಿಗಳ ಮಿದುಳಿನಿಂದ ಸ್ಟ್ರಯಾಟಮ್ ತೆಗೆದು ಪರೀಕ್ಷೆಗೆ ಇಳಿದಿದ್ದರು. ಡೋಪಮೈನ್ ಇದ್ದರೆ ದ್ರಾವಣ ಗುಲಾಬಿಯಾಗಬೇಕು. ಆರೋಗ್ಯವಂತರ ಮಿದುಳಿನ ಕೊಳವೆ ಗುಲಾಬಿಯಾಯಿತು. ರೋಗಿಗಳದ್ದಕ್ಕೆ ಬಣ್ಣ ಹತ್ತಲೇ ಇಲ್ಲ. ಶತಮಾನಗಳ ಕಾಯಿಲೆಯ ಕೊರತೆಯನ್ನು ಅವರು ಎರಡು ಕೊಳವೆಗಳ ಬಣ್ಣದಲ್ಲಿ ಬರಿಗಣ್ಣಿನಿಂದ ಕಂಡರು. ನರವಿಜ್ಞಾನದ ಇತಿಹಾಸದಲ್ಲಿ ನನಗೆ ಅತ್ಯಂತ ಇಷ್ಟವಾದ ಗಳಿಗೆ ಇದು.

ಹಾಗಿದ್ದರೆ ಡೋಪಮೈನನ್ನೇ ಕೊಟ್ಟರಾಗದೇ? ಆಗದು. ರಕ್ತದಿಂದ ಮಿದುಳಿಗೆ ಹೋಗುವ ದಾರಿಯಲ್ಲಿ ಕಾವಲಿದೆ, ಡೋಪಮೈನ್ ಅದನ್ನು ದಾಟಲಾರದು. ಅದರ ಕಚ್ಚಾವಸ್ತುವಾದ ಲೆವೊಡೋಪಾ ದಾಟುತ್ತದೆ, ಒಳಗೆ ಹೋಗಿ ಡೋಪಮೈನ್ ಆಗುತ್ತದೆ. 1961ರ ಜುಲೈನಲ್ಲಿ ಹಾರ್ನಿಕೀವಿಚ್‌ರ ಒತ್ತಾಯದ ಮೇಲೆ ವೈದ್ಯ ವಾಲ್ಟರ್ ಬಿರ್ಕ್‌ಮೇಯರ್ ತಮ್ಮ ವಾರ್ಡಿನ ರೋಗಿಗಳ ರಕ್ತನಾಳಕ್ಕೆ ಲೆವೊಡೋಪಾ ಚುಚ್ಚಿದರು. ಮಗ್ಗುಲಾಗಲೂ ಆಗದೆ ಮಲಗಿದ್ದವರು ಎದ್ದು ಕೂತರು, ಕೂತವರು ನಿಂತರು, ನಿಂತವರು ನಡೆದರು. ಕೆಲವು ಗಂಟೆ ಮಾತ್ರ. ಆಮೇಲೆ ಮತ್ತೆ ಮಂಚ.

ಬೇರೆ ವೈದ್ಯರು ಸ್ವಲ್ಪ ಸ್ವಲ್ಪ ಕೊಟ್ಟು ನೋಡಿ, ರೋಗಿಗಳು ವಾಂತಿ ಮಾಡಿಕೊಂಡಾಗ ಕೈಬಿಟ್ಟರು. ಪಟ್ಟು ಹಿಡಿದವರು ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಜಾರ್ಜ್ ಕೋಟ್ಜಿಯಸ್, ಗ್ರೀಸ್‌ನಿಂದ ಹೋಗಿ ನೆಲೆಸಿದವರು. ಮಾಸಿದ ಕಪ್ಪು ಬಣ್ಣವನ್ನೇ ಮರಳಿಸಬೇಕೆಂಬ ತಪ್ಪು ಊಹೆಯೂ ಅವರ ಯೋಚನೆಯಲ್ಲಿತ್ತು. ಆದರೆ ಹಾದಿ ಸರಿಯಿತ್ತು. ಬಾಯಿಯ ಮೂಲಕ, ಅತಿ ಕಡಿಮೆಯಿಂದ ಶುರುಮಾಡಿ, ವಾರಗಟ್ಟಲೆ ನಿಧಾನವಾಗಿ ಏರಿಸುತ್ತ ದಿನಕ್ಕೆ ಹಲವು ಗ್ರಾಂಗಳವರೆಗೆ ಒಯ್ದರು. 1967ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರ ಅನುಮಾನ ನಿವಾರಿಸಿತು. 1970ರಲ್ಲಿ ಅಮೆರಿಕ ಸರ್ಕಾರ ಔಷಧವನ್ನು ಒಪ್ಪಿತು. ವಾಂತಿಯ ಕಾಟಕ್ಕೂ ಉಪಾಯ ಸಿಕ್ಕಿತು: ಮಿದುಳು ತಲುಪುವ ಮೊದಲೇ ಲೆವೊಡೋಪಾ ಡೋಪಮೈನ್ ಆಗದಂತೆ ತಡೆಯುವ ಕಾರ್ಬಿಡೋಪಾವನ್ನು ಅದೇ ಮಾತ್ರೆಯೊಳಗೆ ಸೇರಿಸಿದರು. ಗುಗ್ಗೆನ್‌ಹೈಮ್‌ರ ಹೊಟ್ಟೆ ತೊಳಸಿದ್ದು ಯಾಕೆಂಬುದಕ್ಕೂ ಆಗ ಉತ್ತರ ಸಿಕ್ಕಿತು.

2000ದಲ್ಲಿ ಕಾರ್ಲ್‌ಸನ್‌ರಿಗೆ ನೊಬೆಲ್ ಬಂತು. ಹಾರ್ನಿಕೀವಿಚ್‌ರಿಗೆ ಬರಲಿಲ್ಲ. ಇನ್ನೂರಕ್ಕೂ ಹೆಚ್ಚು ನರವಿಜ್ಞಾನಿಗಳು ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು. ಅವರ ಅಸಮಾಧಾನ ನ್ಯಾಯವೆಂದೇ ನನ್ನ ಭಾವನೆ.

ಮಾತ್ರೆ ರೋಗವನ್ನು ನಿಲ್ಲಿಸುವುದಿಲ್ಲ. ಕೋಶಗಳು ಸಾಯುತ್ತಲೇ ಹೋಗುತ್ತವೆ. ವರ್ಷಗಳು ಕಳೆದಂತೆ ಒಂದು ಗುಳಿಗೆಯ ಬಲ ಮುಂದಿನ ಹೊತ್ತಿನವರೆಗೆ ಬಾಳುವುದಿಲ್ಲ, ಕೆಲವೊಮ್ಮೆ ಮೈ ತಾನಾಗಿಯೇ ತೊನೆಯತೊಡಗುತ್ತದೆ. ನಸುಗುನ್ನಿ ಬೀಜದ ಪುಡಿಯನ್ನೂ ಮುಂಬೈಯಲ್ಲಿ, ಲಂಡನ್ನಿನಲ್ಲಿ ರೋಗಿಗಳ ಮೇಲೆ ಪರೀಕ್ಷಿಸಿದ್ದಾರೆ, ಪರಿಣಾಮವೂ ಕಂಡಿದೆ. ಹಾಗೆಂದು ಬೇಲಿಯ ಕಾಯಿ ಕಿತ್ತು ಅರೆದು ಕುಡಿಯಬಾರದು. ಯಾವ ಬೀಜದಲ್ಲಿ ಎಷ್ಟಿದೆಯೆಂದು ಹೊರಗಿನಿಂದ ತಿಳಿಯುವುದಿಲ್ಲ, ಈಗಾಗಲೇ ಮಾತ್ರೆ ನುಂಗುತ್ತಿರುವವರಿಗೆ ಅದು ಅಪಾಯವೂ ಆದೀತು.

ಇನ್ನೊಂದು ತೊಡಕು ಅಡುಗೆಮನೆಯದು. ಲೆವೊಡೋಪಾ ಒಂದು ಅಮೈನೋ ಆಮ್ಲ. ಊಟದ ಪ್ರೋಟೀನು ಜೀರ್ಣವಾದಾಗ ಸಿಗುವುದೂ ಅಮೈನೋ ಆಮ್ಲಗಳೇ. ಕರುಳಿನಲ್ಲೂ ಮಿದುಳಿನ ಕಾವಲಿನಲ್ಲೂ ಇವೆರಡಕ್ಕೂ ಒಂದೇ ಬಾಗಿಲು, ಹಾಗಾಗಿ ನೂಕುನುಗ್ಗಲು. ಆದ್ದರಿಂದ ವೈದ್ಯರು ಊಟಕ್ಕೆ ಅರ್ಧ ಗಂಟೆ ಮೊದಲೇ ಮಾತ್ರೆ ನುಂಗಲು ಹೇಳುತ್ತಾರೆ. ಅವರೆಕಾಯಿ ಕಾಲದಲ್ಲಿ ಹಿತಕವರೆ ಸಾರು ಕುದಿಯುವ ಮನೆಗಳಲ್ಲಿ ಅಜ್ಜ ಮೊದಲು ಮಾತ್ರೆ ನುಂಗಿ, ಗಡಿಯಾರ ನೋಡುತ್ತ ಕೂರುತ್ತಾರೆ. ಕಾಳಿನಲ್ಲೇ ಮೊದಲು ಸಿಕ್ಕ ಮದ್ದು ಒಳಗೆ ಹೋದ ಮೇಲೆ ತಟ್ಟೆಯ ಕಾಳಿಗೆ ಸರದಿ ಬರುತ್ತದೆ.